ಮುಂಬಾಗಿಲಿಗೆ ಅಲ್ಯೂಮಿನಿಯಂ ಮತ್ತು ಗಾಜು: ಸ್ಲೈಡಿಂಗೋ, ಕೀಲಿನದೋ?

ನಮ್ಮ ಮನೆಯಿಂದ ಮಲ್ಪೆಯ ಕಡಲು ಎರಡು ಕಿಲೋಮೀಟರ್. ಹಲಸಿನ ಮರದ ಹಳೆಯ ಮುಂಬಾಗಿಲು ಆಷಾಢ ಬಂತೆಂದರೆ ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತಿತ್ತು, ಅಮ್ಮ ಭುಜ ಕೊಟ್ಟು ನೂಕಬೇಕಾಗುತ್ತಿತ್ತು. ಮುಚ್ಚಿದರೆ ಒಳಗೆಲ್ಲ ಕತ್ತಲೆ. ಈ ಎರಡು ಕಾರಣಕ್ಕೆ ಗಾಜಿನ ಅಲ್ಯೂಮಿನಿಯಂ ಬಾಗಿಲಿಗೆ ಮನಸ್ಸು ಮಾಡಿದೆವು.

ಜಗಲಿ ಕಿರಿದೆಂದು ಮೊದಲು ಹಾಕಿಸಿದ್ದು ಸ್ಲೈಡಿಂಗ್. ಬೇಸಿಗೆಯಲ್ಲಿ ಒಂದೇ ಬೆರಳಿಗೆ ಸರಿಯುತ್ತಿತ್ತು. ಜೂನ್ ಬಂದ ಮೇಲೆ ಕಷ್ಟ ಶುರುವಾಯಿತು. ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕಾಲಿಗಂಟಿ ಬಂದ ಹೊಯಿಗೆ ಅವುಗಳಲ್ಲಿ ಕೂತಿತು, ಎರಚಲು ನೀರು ಟ್ರ್ಯಾಕ್ ತುಂಬಿ ಚಾವಡಿಗೆ ಹರಿಯಿತು. ಬೆಳಿಗ್ಗೆ ಸಂಜೆ ಹಿಡಿಸೂಡಿಯ ಕಡ್ಡಿಯಿಂದ ತೂತು ಬಿಡಿಸುವುದೇ ಕೆಲಸವಾಯಿತು. ಎರಡನೇ ಮಳೆಗಾಲಕ್ಕೆ ರೋಲರುಗಳಿಗೆ ತುಕ್ಕು ಹಿಡಿದು ಬಾಗಿಲು ಕಿರುಗುಟ್ಟತೊಡಗಿತು.

ಈಗಿರುವುದು ಕೀಲಿನ ಬಾಗಿಲು. ಮುಚ್ಚಿದಾಗ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಕೂರುತ್ತದೆ. ಸ್ಲೈಡಿಂಗಿನ ಬ್ರಷ್ ಪಟ್ಟಿಗೆ ಆ ಬಿಗಿ ಬರುವುದಿಲ್ಲ. ಹಿಡಿ ತಿರುಗಿಸಿದರೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಒಟ್ಟಿಗೇ ಬೀಗ ಬೀಳುತ್ತದೆ. ಎರಡು ಮಳೆಗಾಲ ಕಳೆದಿವೆ, ಒಳಗೆ ಹನಿ ಬಂದಿಲ್ಲ. ಗಾಜಿನ ಭಾರ ಮಾತ್ರ ಮೊದಲೇ ಲೆಕ್ಕ ಹಾಕಿ: ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ಆಳೆತ್ತರದ ಬಾಗಿಲಿಗೆ ಎರಡು ಕೀಲು ಸಾಲದು, ಮೂರು ಕೇಳಿ ಹಾಕಿಸಿ.

ಭಾವನ ಮನೆಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲನ್ನೂ ಬಳಸಿ ನೋಡಿದ್ದೇನೆ. ಬಿಸಿಲಿಗೆ ಕೈ ಸುಡುವುದಿಲ್ಲ, ಅದು ನಿಜವಾದ ಅನುಕೂಲ. ಆದರೆ ಚೌಕಟ್ಟು ದಪ್ಪ, ಗಾಜಿಗೆ ಉಳಿಯುವ ಜಾಗ ಕಡಿಮೆ. ನಮ್ಮ ಕಡುಬೂದು ಅಲ್ಯೂಮಿನಿಯಂ ಪಡುವಣ ಬಿಸಿಲಿಗೆ ಕಾದು ಕೂರುತ್ತದೆ. ಇನ್ನೊಮ್ಮೆ ಮಾಡಿಸಿದರೆ ಬಿಳಿಯೇ.

ಇಷ್ಟಾದರೂ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಗಾಜಿನ ಬಗ್ಗೆ. ತಂಗಿಯ ಮನೆಯದು ಟಫನ್ಡ್, ಅಂದರೆ ಕಾಯಿಸಿ ಹದಗೊಳಿಸಿದ ಗಾಜು. ಒಂದು ರಾತ್ರಿ ಗಾಳಿಗೆ ತೆಂಗಿನ ಮಡಲು ಬಂದು ಬಡಿದು ಇಡೀ ಹಾಳೆ ಕಲ್ಲುಸಕ್ಕರೆಯ ಹರಳಿನಂತೆ ಉದುರಿತು. ಚೂರು ಮೊಂಡಾದ್ದರಿಂದ ಯಾರಿಗೂ ಗಾಯವಾಗಲಿಲ್ಲ, ಆ ಗಾಜಿನ ಗುಣವೇ ಅದು. ಆದರೆ ಮನೆ ಬಟಾಬಯಲು. ಹದಗೊಳಿಸಿದ ಮೇಲೆ ಆ ಗಾಜನ್ನು ಕತ್ತರಿಸಲಾಗದು, ಅಳತೆ ಕೊಟ್ಟು ಹೊಸದಾಗಿ ಮಾಡಿಸಬೇಕು. ಅಲ್ಲಿಯವರೆಗೆ ಪ್ಲೈವುಡ್ ಬಡಿದು ಮಲಗಿದರು. ಲ್ಯಾಮಿನೇಟೆಡ್‌ನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಒಡೆದರೂ ಚೂರು ಅಂಟಿಕೊಂಡೇ ನಿಲ್ಲುತ್ತದೆ, ಕಳ್ಳನ ಕೈ ಸುಲಭಕ್ಕೆ ಒಳಗೆ ಬರುವುದಿಲ್ಲ. ದುಬಾರಿ, ನಿಜ. ಮುಂಬಾಗಿಲಿಗೆ ನಾನು ಬೇರೆಯದನ್ನು ಹೇಳಲಾರೆ.

ಕಡಲ ಬದಿಯವರಿಗೆ ಇನ್ನೊಂದು ಮಾತು. ಅಲ್ಯೂಮಿನಿಯಂಗೆ ಕಬ್ಬಿಣದ ತುಕ್ಕು ಬಾರದು, ಆದರೆ ಉಪ್ಪುಗಾಳಿಗೆ ಪೌಡರ್ ಕೋಟಿಂಗ್ (ಮೇಲಿನ ಬಣ್ಣದ ಲೇಪ) ಎದ್ದ ಕಡೆ ಬಿಳಿ ಪುಡಿಯಾಗಿ ಕುಳಿ ಬೀಳುತ್ತದೆ. ಸ್ಕ್ರೂ ಉಪ್ಪುಗಾಳಿಯನ್ನು ಹೆಚ್ಚು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ದೇ ಇರಲಿ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಒರೆಸಿ.

ಅಮ್ಮ ಕೇಳಿದ್ದು ಒಂದೇ: ಹೊಸ್ತಿಲು ಏನಾಗುತ್ತದೆ? ಫ್ಯಾಬ್ರಿಕೇಶನ್‌ನವರು ಅದನ್ನೂ ಕಿತ್ತು ಅಲ್ಯೂಮಿನಿಯಂ ಪಟ್ಟಿ ಕೂರಿಸುತ್ತೇವೆ ಎಂದರು. ನಾವು ಒಪ್ಪಲಿಲ್ಲ. ಚೌಕಟ್ಟು ಮೂರೇ ಬದಿಗೆ ಬಂತು. ಬಾಗಿಲಿನ ತಳಕ್ಕೆ ರಬ್ಬರ್ ಕಟ್ಟಿಸಿ ಹಳೆಯ ಹಲಸಿನ ಹೊಸ್ತಿಲಿಗೇ ಒರಗುವಂತೆ ಮಾಡಿಸಿದೆವು. ಅರಸಿನ ಕುಂಕುಮ ಈಗಲೂ ಅದರ ಮೇಲೆಯೇ.