ಹೊಳೆಯುವ ನಲ್ಲಿಯ ಒಳಗೆ ಏನಿದೆ ಎಂದು ನೋಡಿ ಕೊಳ್ಳಿ

ಉಡುಪಿಯ ಕಡೆ ಮನೆ ಕಟ್ಟಿಸುತ್ತಿರುವವರು, ಹಳೆಯ ಬಚ್ಚಲು ಸರಿಪಡಿಸುತ್ತಿರುವವರು ಇದನ್ನು ಓದಿ. ಹಿತ್ತಾಳೆಯದ್ದೆಂದು ಹೇಳಿ ನಮಗೆ ಮಾರಿದ ನಲ್ಲಿಗಳು ಕ್ರೋಮ್ ಲೇಪಿಸಿದ ಪ್ಲಾಸ್ಟಿಕ್ಕಿನವು. ಮಲ್ಪೆಯ ನಮ್ಮ ಮನೆಯಲ್ಲಿ ಸೋಲಾರ್ ಬಿಸಿನೀರಿನ ಪೈಪಿಗೆ ಹಾಕಿದ್ದ ಆ್ಯಂಗಲ್ ಕಾಕ್ (ಗೋಡೆಯ ಪೈಪಿಗೆ ಕೂರಿಸುವ ಮೂಲೆ ನಲ್ಲಿ) ಒಂದು ಮಧ್ಯಾಹ್ನ ಕುತ್ತಿಗೆಯಲ್ಲೇ ಮುರಿಯಿತು. ಅತ್ತೆ ಆಗಷ್ಟೇ ಬಚ್ಚಲಿನಿಂದ ಹೊರಬಂದಿದ್ದರು, ಪುಣ್ಯ. ಮುರಿದ ತುಂಡು ಗೋಡೆಯೊಳಗೇ ಉಳಿದದ್ದರಿಂದ ಅದನ್ನು ತೆಗೆಯಲು ಪ್ಲಂಬರ್ ಟೈಲ್ಸ್ ಒಡೆಯಬೇಕಾಯಿತು.

ಲೇಪಿತ ಪ್ಲಾಸ್ಟಿಕ್ಕೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಾರಿನ ಮುಂಭಾಗದ ಜಾಲರಿ, ಲಾಂಛನ, ಮಿಕ್ಸಿಯ ಗುಂಡಿ, ಸೆಂಟು ಬಾಟಲಿಯ ಮುಚ್ಚಳ, ಕೈಯಲ್ಲಿ ಹಿಡಿಯುವ ಶವರ್ ಇವೆಲ್ಲ ಹೆಚ್ಚಾಗಿ ಅದೇ, ಅಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ಇಂಥ ಲೇಪನಕ್ಕೆ ಹೆಚ್ಚಾಗಿ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನು ಆಮ್ಲದಲ್ಲಿ ಅದ್ದಿದಾಗ ಅದರಲ್ಲಿನ ರಬ್ಬರ್ ಕಣಗಳು ಕರಗಿ ಸೂಕ್ಷ್ಮ ಕುಳಿಗಳಾಗುತ್ತವೆ. ಲೋಹ ಕಚ್ಚಿಕೊಳ್ಳುವುದು ಆ ಕುಳಿಗಳಿಗೆ. ತಾಮ್ರ, ನಿಕ್ಕಲ್ ಪದರಗಳಾದ ಮೇಲೆ ಕೊನೆಗೆ ಬರುವ ಕ್ರೋಮ್ ಒಂದು ಮೈಕ್ರಾನಿಗಿಂತಲೂ ತೆಳು. ನೀರಿನ ಒತ್ತಡ ತಡೆಯಬೇಕಾದದ್ದು ಒಳಗಿನ ಪ್ಲಾಸ್ಟಿಕ್ಕೇ ಹೊರತು ಈ ಹೊಳಪಲ್ಲ.

ಕಾದಾಗ ಆ ಪ್ಲಾಸ್ಟಿಕ್ ಮೇಲಿನ ಲೋಹಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಕಡು ಬಿಸಿಲಿನಲ್ಲಿ ಸೋಲಾರ್ ನೀರು 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ದಿನವೂ ಹಿಗ್ಗಿ ಕುಗ್ಗಿ ಲೇಪನ ಬಿರಿಯುತ್ತದೆ, ಬಿರುಕಿಗೆ ಕಡಲಿನ ಉಪ್ಪುಗಾಳಿ ಸೇರಿದರೆ ಸಿಪ್ಪೆ ಏಳುತ್ತದೆ. ಎದ್ದ ಸಿಪ್ಪೆ ಬ್ಲೇಡಿನಂತೆ ಕೊಯ್ಯುತ್ತದೆ. ಮಕ್ಕಳಿರುವ ಮನೆಯಲ್ಲಿ ಅಂಥ ನಲ್ಲಿಯನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ.

ಅಂಗಡಿಯವರು ಅಯಸ್ಕಾಂತ ಹಿಡಿದು ‘ಅಂಟುವುದಿಲ್ಲ, ನೋಡಿ’ ಎಂದು ತೋರಿಸಿದ್ದರು. ಒಳಗಿರುವುದು ಕಬ್ಬಿಣವಲ್ಲ ಎಂದಷ್ಟೇ ಅದರಿಂದ ತಿಳಿಯುತ್ತದೆ. ನೀವು ಕೈಯಲ್ಲಿ ತೂಗಿ ನೋಡಿ: ಅದೇ ಗಾತ್ರದ ಹಿತ್ತಾಳೆ ಎಬಿಎಸ್‌ಗಿಂತ ಸುಮಾರು ಎಂಟು ಪಟ್ಟು ಭಾರ. ನಾಣ್ಯದಿಂದ ತಟ್ಟಿದರೆ ಪ್ಲಾಸ್ಟಿಕ್ಕಿನ ಸದ್ದು ಮಂಕಾಗಿರುತ್ತದೆ. ಕೆಲವರು ಒಳಗೆ ಲೋಹದ ತುಂಡು ಸೇರಿಸಿ ತೂಕ ಹೆಚ್ಚಿಸಿರುತ್ತಾರೆ, ಹಾಗಾಗಿ ಬಾಯಿಯೊಳಗೂ ತಿರುಪಿನ ಸುತ್ತಿನೊಳಗೂ ಮೊಬೈಲ್ ಟಾರ್ಚ್ ಹಾಕಿ. ಲೇಪನ ತಲುಪದ ಮೂಲೆಯಲ್ಲಿ ಬಿಳಿಯೋ ಕಪ್ಪೋ ಪ್ಲಾಸ್ಟಿಕ್ ಇಣುಕಿದರೆ ಅಲ್ಲಿಯೇ ವಾಪಸ್ ಕೊಟ್ಟುಬಿಡಿ.

ನಮಗೆ ಹಣ ಮರಳಲಿಲ್ಲ. ಬಾಯಲ್ಲಿ ಹಿತ್ತಾಳೆ ಎಂದವರು ಬಿಲ್ಲಿನಲ್ಲಿ ‘ಸಿ.ಪಿ. ನಲ್ಲಿ’ ಎಂದಷ್ಟೇ ಬರೆದಿದ್ದರು. ಸಿ.ಪಿ. ಎಂದರೆ ಕ್ರೋಮ್ ಪ್ಲೇಟೆಡ್; ಮೇಲೆ ಕ್ರೋಮ್ ಇದೆ ಎಂದಲ್ಲದೆ ಅದು ಬೇರೇನನ್ನೂ ಹೇಳುವುದಿಲ್ಲ. ಹಿತ್ತಾಳೆ ಎಂದು ಬಿಲ್ಲಿನಲ್ಲಿ ಬರೆಯಲು ಒಪ್ಪದ ಅಂಗಡಿಯಲ್ಲಿ ಹಣ ಕೊಡಬೇಡಿ.