ಕ್ಲೌಡ್‌ನವರು ಕೊಟ್ಟ /29 ಅನ್ನು ಹಾಗೇ ರೂಟರ್ ಮೇಲೆ ಹಾಕಬೇಡಿ

ಕ್ಲೌಡ್‌ಗೆ ಲಿಂಕ್ ಹಾಕಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ಒಂದು ತಪ್ಪು ಮಾಸ್ಕ್‌ನಿಂದ (ಒಂದು ಪೋರ್ಟ್‌ಗೆ ಯಾವ ಯಾವ ವಿಳಾಸ ನೇರವಾಗಿ ಸೇರಿದ್ದು ಅಂತ ರೂಟರ್‌ಗೆ ಹೇಳುವ ಸಂಖ್ಯೆ) ನಮ್ಮಲ್ಲಿ ಇಡೀ ದಿನದ ಕೆಲಸ ಕೆಟ್ಟಿತು. ಆ ಮಾಸ್ಕ್ ಹಾಕಿದವನು ನಾನೇ.

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಒಂದು ಮೀನಿನ ಕೋಲ್ಡ್ ಸ್ಟೋರೇಜ್‌ನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ತೂಕ, ಸ್ಟಾಕು, ಬಿಲ್ಲು ಎಲ್ಲಾ ಕ್ಲೌಡ್‌ನಲ್ಲಿದೆ. ಅಲ್ಲಿಗೆ ಎರಡು ಲಿಂಕ್, ಒಂದೊಂದಕ್ಕೆ ಒಂದೊಂದು ರೂಟರ್. ನಮಗೆ ಸಿಕ್ಕಿದ್ದು 192.168.50.0/29, ಅಂದರೆ ಎಂಟು ವಿಳಾಸ. ಅದನ್ನು ನಾಲ್ಕು ನಾಲ್ಕು ವಿಳಾಸದ ಎರಡು /30 ಮಾಡಬೇಕು: .0 ರಿಂದ .3 ಮೊದಲ ಲಿಂಕ್‌ಗೆ, .4 ರಿಂದ .7 ಎರಡನೆಯದಕ್ಕೆ. ನಾನು ಮೊದಲ ರೂಟರ್‌ಗೆ .1 ಕೊಟ್ಟು ಮಾಸ್ಕ್ 255.255.255.248, ಅಂದರೆ /29, ಅಂತ ಬರೆದುಬಿಟ್ಟೆ. ಬೇಕಾಗಿದ್ದದ್ದು 255.255.255.252, ಅಂದರೆ /30.

ಅಪಾಯ ಏನೆಂದರೆ, ಅದು ಕೆಲಸ ಮಾಡಿತು! .1 ರಿಂದ .2 ಗೆ ಪಿಂಗ್ ಹೋಯಿತು, ಬಿಜಿಪಿ (ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ವ್ಯವಸ್ಥೆ) ಎದ್ದಿತು. ಎರಡೂ ಲಿಂಕ್ ಒಂದೇ ರೂಟರ್‌ನಲ್ಲಿ ಇದ್ದಿದ್ದರೆ ವಿಳಾಸಗಳು ಒಂದರ ಮೇಲೊಂದು ಬೀಳುತ್ತವೆ ಅಂತ ರೂಟರ್ ತಕರಾರು ಮಾಡುತ್ತಿತ್ತು. ಬೇರೆ ಬೇರೆ ರೂಟರ್ ಆದ್ದರಿಂದ ಯಾರೂ ತಡೆಯಲಿಲ್ಲ. ಮೊದಲ ಲಿಂಕ್‌ನ ಕೇಬಲ್ ಕಿತ್ತು ಪರೀಕ್ಷೆಯನ್ನೂ ಮಾಡಿದೆವು. ಸಲೀಸಾಗಿ ಎರಡನೆಯದಕ್ಕೆ ಬದಲಾಯಿತು.

ಜೂನ್ 1 ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ, ಕೆಲಸ ಕಡಿಮೆ. ಆಗಸ್ಟ್ ಮೊದಲ ವಾರ ಬೋಟುಗಳು ಮೀನು ತರಲು ಶುರು ಮಾಡಿದವು, ಅದೇ ವಾರ ಮಳೆಗೆ ಅರಬೈಲ್ ಘಟ್ಟದ ಕಡೆ ಎಲ್ಲೋ ಫೈಬರ್ ತುಂಡಾಯಿತು. ಎರಡನೇ ಲಿಂಕ್ ಇದೆಯಲ್ಲ ಅಂತ ನಾನು ಧೈರ್ಯದಲ್ಲಿದ್ದೆ. ಮೂರು ನಿಮಿಷಕ್ಕೆ, ಅಂದರೆ ಬಿಜಿಪಿಯ 180 ಸೆಕೆಂಡ್ ಹೋಲ್ಡ್ ಟೈಮ್ (ಆಚೆಯಿಂದ ಸುದ್ದಿ ಬರದಿದ್ದರೆ ಕಾಯುವ ಸಮಯ) ಮುಗಿದ ಮೇಲೆ, ರೂಟ್ ಬದಲಾಯಿತು. ಆದರೆ ಒಂದು ಬಿಲ್ಲೂ ಹೋಗಲಿಲ್ಲ. "ತಮಾ, ಲಾರಿಯವರು ಎಷ್ಟು ಹೊತ್ತು ಕಾಯ್ತಾರೆ?" ಅಂತ ಮ್ಯಾನೇಜರ್ ಮತ್ತೆ ಮತ್ತೆ ಕೇಳುತ್ತಿದ್ದರು. ಐಸ್ ಕರಗುತ್ತಿತ್ತು, ಹುಡುಗರು ತೂಕವನ್ನು ಕೈಯಲ್ಲೇ ಬರೆದುಕೊಳ್ಳುತ್ತಿದ್ದರು.

ಸಂಜೆ ಹೊತ್ತಿಗೆ ಗೊತ್ತಾಯಿತು. ಬದಲಿ ದಾರಿಯ ನೆಕ್ಸ್ಟ್ ಹಾಪ್, ಅಂದರೆ ಪ್ಯಾಕೆಟ್ ಮುಂದೆ ಹೋಗಬೇಕಾದ ವಿಳಾಸ, .6; ಅದು ಎರಡನೇ ಲಿಂಕ್‌ನ ಆಚೆ ತುದಿ. ಮೊದಲ ರೂಟರ್‌ನಲ್ಲಿ .6 ಗೆ ದಾರಿ ಯಾವುದು ಅಂತ ನೋಡಿದರೆ, ನೇರವಾಗಿ ಮೊದಲ ಪೋರ್ಟ್‌ನಲ್ಲೇ ಇದೆ ಅಂತ ತೋರಿಸಿತು. /29 ಒಳಗೆ .6 ಕೂಡ ಬರುತ್ತದೆ ಅಲ್ವಾ? ಫೈಬರ್ ಹೋಗಿದ್ದು ದೂರದಲ್ಲಿ, ನಡುವೆ ಲೈನ್ ಕಂಪನಿಯ ಸ್ವಿಚ್ ಇರುವುದರಿಂದ ನಮ್ಮ ಪೋರ್ಟ್ ಇನ್ನೂ ಅಪ್ ಇತ್ತು. ಹಾಗಾಗಿ ಎಲ್ಲಾ ಪ್ಯಾಕೆಟ್ ಸತ್ತ ಲೈನ್‌ಗೇ ಹೋಗುತ್ತಿದ್ದವು, ಎರಡನೇ ಲೈನ್ ಸರಿಯಾಗಿದ್ದರೂ ಸುಮ್ನೆ ಕೂತಿತ್ತು. ಕೇಬಲ್ ಕಿತ್ತಾಗ ಪೋರ್ಟೇ ಡೌನ್, ಅದರ ಜೊತೆ ಆ /29 ರೂಟ್ ಕೂಡ ಮಾಯ, ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯುವ ದಾರಿ) ಹಿಡಿದು ಎರಡನೇ ರೂಟರ್ ಮೂಲಕ .6 ಸಿಗುತ್ತಿತ್ತು. ಅದಕ್ಕೇ ಪರೀಕ್ಷೆ ಪಾಸಾಗಿದ್ದು. ಮಾಸ್ಕ್ ತಿದ್ದಿದ ಕೂಡಲೇ ಬಿಲ್ಲುಗಳು ಹೋಗತೊಡಗಿದವು. ಆಮೇಲೆ ಎರಡನೇ ರೂಟರ್‌ನಲ್ಲಿ ನೆಕ್ಸ್ಟ್ ಹಾಪ್ ಸೆಲ್ಫ್ ಕೂಡ ಹಾಕಿದೆ; ಆಗ ಅದು .6 ಬದಲು ತನ್ನದೇ ವಿಳಾಸವನ್ನು ನೆಕ್ಸ್ಟ್ ಹಾಪ್ ಅಂತ ಹೇಳುತ್ತದೆ.

ಇನ್ನೊಂದು ಮಾತು. ನಮ್ಮದೇ ರೂಟರ್‌ಗಳ ನಡುವೆ /31, ಅಂದರೆ ಎರಡೇ ವಿಳಾಸ, ಹಾಕುವ ಅಭ್ಯಾಸ ಹಲವರಿಗಿದೆ. 2000ದಲ್ಲಿ ಬಂದ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 3021 ಅದಕ್ಕೆ ಒಪ್ಪುತ್ತದೆ, ತಪ್ಪೇನಿಲ್ಲ. ಆದರೆ ಕ್ಲೌಡ್ ಕಡೆ /30 ಇದ್ದಾಗ ನೀವು /31 ಹಾಕಿದರೆ .1 ಮತ್ತು .2 ಒಂದೇ ಜೋಡಿಯಲ್ಲಿ ಬರುವುದಿಲ್ಲ. ಜೋಡಿಗಳು .0–.1 ಮತ್ತು .2–.3. ಪೋರ್ಟ್ ಅಪ್ ಇರುತ್ತದೆ, ಬಿಜಿಪಿ ಏಳುವುದೇ ಇಲ್ಲ. ಯಾವ ವಿಳಾಸ ಯಾರಿಗೆ ಅನ್ನುವುದನ್ನೂ ಊಹೆ ಮಾಡಬೇಡಿ. ಮೈಕ್ರೋಸಾಫ್ಟ್ ಕ್ಲೌಡ್‌ನ ಖಾಸಗಿ ಲಿಂಕ್ ಆದ ಅಜೂರ್ ಎಕ್ಸ್‌ಪ್ರೆಸ್‌ರೂಟ್‌ನಲ್ಲಿ /30ಯ ಮೊದಲ ವಿಳಾಸ ನಮ್ಮದು, ಎರಡನೆಯದು ಮೈಕ್ರೋಸಾಫ್ಟ್‌ನದು. ಎಡಬ್ಲ್ಯೂಎಸ್‌ನ (ಅಮೆಜಾನ್ ಕ್ಲೌಡ್) ಸೈಟ್ ಟು ಸೈಟ್ ವಿಪಿಎನ್ ಟನೆಲ್‌ನಲ್ಲಿ ಉಲ್ಟಾ, ಮೊದಲನೆಯದು ಅವರದು.

ಎರಡು ಲಿಂಕ್ ಇರುವವರು ಇವತ್ತೇ ಮೊದಲ ರೂಟರ್‌ಗೆ ಲಾಗಿನ್ ಆಗಿ, ಎರಡನೇ ಲಿಂಕ್‌ನ ಆಚೆ ತುದಿಯ ವಿಳಾಸಕ್ಕೆ ದಾರಿ ಎಲ್ಲಿ ತೋರಿಸುತ್ತದೆ ನೋಡಿ. ಪರೀಕ್ಷೆ ಮಾಡುವಾಗ ಕೇಬಲ್ ಕೀಳಬೇಡಿ, ಪೋರ್ಟ್ ಅಪ್ ಇಟ್ಟು ಬಿಜಿಪಿ ಸೆಷನ್ ಮಾತ್ರ ಬಂದ್ ಮಾಡಿ.