ಮತದಾರರ ಪೋರ್ಟಲ್: ಹೆಸರು ಸೇರಿಸುವುದು ಸಲೀಸು, ತೆಗೆಸುವುದು ತ್ರಾಸು

ಮತದಾನ ಮುಗಿದ ಮರುದಿನ ಬೆಂಗಳೂರಿಗರಿಗೆ ಬೈಗುಳ ಗ್ಯಾರಂಟಿ. 2024ರ ಏಪ್ರಿಲ್ 26ರಂದು ಮಂಡ್ಯದಲ್ಲಿ ಶೇ 81.67 ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಶೇ 53.17. ಅಂದು ಶುಕ್ರವಾರ ಬೇರೆ, ರೆಸಾರ್ಟಿಗೆ ಹೋದರು ಎಂಬ ಮಾತು ಬರದೆ ಇರುತ್ತದೆಯೇ. ಸೋಮಾರಿತನ ಇಲ್ಲವೇ ಇಲ್ಲ ಎಂದಲ್ಲ. ಆದರೆ ಭಾಗಿಸುವ ಸಂಖ್ಯೆಯೇ ತಪ್ಪಿದ್ದರೆ? ಸಾವಿರ ಹೆಸರಿರುವ ಒಂದು ಮತಗಟ್ಟೆ ಇದೆ ಎಂದುಕೊಳ್ಳಿ. 530 ವೋಟು ಬಿದ್ದರೆ ಶೇ 53. ಆ ಸಾವಿರದಲ್ಲಿ 150 ಮಂದಿ ತೀರಿಕೊಂಡವರು, ಮನೆ ಖಾಲಿ ಮಾಡಿ ಹೋದವರು, ಎರಡು ಕಡೆ ಹೆಸರಿರುವವರು ಆಗಿದ್ದರೆ ನಿಜವಾದ ಲೆಕ್ಕ 850ಕ್ಕೆ 530, ಅಂದರೆ ಶೇ 62. ಒಬ್ಬರೂ ಹೆಚ್ಚಿಗೆ ಬೂತಿಗೆ ಬರಲಿಲ್ಲ, ಅಂಕಿ ಮಾತ್ರ ಒಂಬತ್ತು ಏರಿತು. 

ಈ ಮತದಾರರ ಪಟ್ಟಿಯನ್ನು ಸರಿಯಾಗಿಡಲು ನಮ್ಮ ಕೈಲಿರುವ ಸಾಧನ ಚುನಾವಣಾ ಆಯೋಗದ ವೋಟರ್ಸ್ ಸರ್ವಿಸ್ ಪೋರ್ಟಲ್. ಮೊಬೈಲ್ ನಂಬರು, ಒಟಿಪಿ, ಒಳಗೆ ಹೋದರಾಯಿತು.

ಹೊಸ ಮತದಾರರಿಗೆ ಫಾರ್ಮ್ 6. ಇದು ಚೆನ್ನಾಗಿದೆ, 5ಕ್ಕೆ 4 ಕೊಡಬಹುದು. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು; 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳು, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಫೋಟೊ ಬಿಳಿ ಹಿನ್ನೆಲೆಯ 4.5 × 3.5 ಸೆಂ.ಮೀ. ಇರಲಿ. ಒಂದೇ ಕಡೆ ಎಚ್ಚರ ಬೇಕು. ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡದ ಪೆಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಅದನ್ನು ನಂಬಬೇಡಿ. ತ-ಥ, ಲ-ಳ, ದ-ಡ, ದೀರ್ಘ-ಹ್ರಸ್ವಗಳಲ್ಲಿ ಅದಕ್ಕೆ ಗೊಂದಲ. ಮಾಲತಿ ಎಂಬುವವರು 'ಮಲಥಿ' ಆಗಿ ಪಟ್ಟಿಗೆ ಹೋಗಬಹುದು. ಆ ಪೆಟ್ಟಿಗೆಯನ್ನು ತಿದ್ದಲು ಬಿಡುತ್ತದೆ, ಕೊನೆಯಲ್ಲಿ ಬರುವ ಪ್ರಿವ್ಯೂನಲ್ಲೂ ಒಮ್ಮೆ ನೋಡಿ.

ಮನೆ ಬದಲಿಸಿದವರದ್ದೇ ದೊಡ್ಡ ಕಥೆ. 2022ರ ಆಗಸ್ಟ್ 1ರವರೆಗೆ ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಹೋದರೆ ಫಾರ್ಮ್ 6 ಹಾಕಬೇಕಿತ್ತು. ಈಗ ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಕಾರ್ಡು, ಅಂಗವಿಕಲರ ಗುರುತು, ಎಲ್ಲಕ್ಕೂ ಫಾರ್ಮ್ 8. ಹಳೆ ಅಭ್ಯಾಸದವರು, ಸೈಬರ್ ಸೆಂಟರಿನವರೂ ಸೇರಿ, ಇನ್ನೂ ಫಾರ್ಮ್ 6 ತುಂಬುತ್ತಾರೆ. ಹೊಸ ಜಾಗದಲ್ಲಿ ಹೆಸರು ಬರುತ್ತದೆ, ಹಳೆಯದು ಅಲ್ಲೇ ಕೂತಿರುತ್ತದೆ. ಇದು ಬರೀ ಲೆಕ್ಕ ಕೆಡಿಸುವ ವಿಷಯವಲ್ಲ: ಬೇರೆಲ್ಲೂ ಹೆಸರಿಲ್ಲ ಎಂದು ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಫಾರ್ಮ್ 8ರಲ್ಲಿ ಹಳೆಯ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಹಾಕಿದರೆ ನಿಮ್ಮ ವಿವರ ತಾನೇ ಬರುತ್ತದೆ, 'ಶಿಫ್ಟಿಂಗ್ ಆಫ್ ರೆಸಿಡೆನ್ಸ್' ಆಯ್ದು, ಕ್ಷೇತ್ರದ ಒಳಗೋ ಹೊರಗೋ ಹೇಳಿ. ಸಂಖ್ಯೆ ಬದಲಾಗದು.

ಬಾಡಿಗೆದಾರರು ಸಿಕ್ಕಿಬೀಳುವುದು ವಿಳಾಸದ ದಾಖಲೆಯಲ್ಲಿ. ಫಾರ್ಮು ಕೇಳುವುದು ನೋಂದಾಯಿತ ಬಾಡಿಗೆ ಕರಾರು. ನಮ್ಮಲ್ಲಿ ನಡೆಯುವುದು 11 ತಿಂಗಳ, ನೋಂದಣಿ ಇಲ್ಲದ ಕರಾರು. ಕರೆಂಟ್ ಬಿಲ್ಲು ಇರುವುದು ಓನರ್ ಹೆಸರಲ್ಲಿ. ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ಬಿಡಬೇಕಿಲ್ಲ: ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೊಸ ವಿಳಾಸ ಮಾಡಿಸಿ ಅದನ್ನೇ ಕೊಡಿ. ಯಾವ ದಾಖಲೆಯೂ ಇಲ್ಲದಿದ್ದರೆ ಸ್ಥಳ ಪರಿಶೀಲನೆ ಕಡ್ಡಾಯ ಎಂದು ಅದೇ ಫಾರ್ಮಿನಲ್ಲಿದೆ. ಅಂದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬರಬೇಕು, ನೀವು ಮನೆಯಲ್ಲಿರಬೇಕು. ಹಗಲು ಬೀಗ ಹಾಕಿರುವ ಮನೆಯಾದರೆ ಬಿಎಲ್‌ಒಗೆ ಮೊದಲೇ ಫೋನು ಮಾಡಿ ಹೊತ್ತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಂಬರು ಸಿಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಇನ್ನು ಫಾರ್ಮ್ 7, ಹೆಸರು ತೆಗೆಸಲು. 5ಕ್ಕೆ 2. ಇನ್ನೊಬ್ಬರ ಹೆಸರಿಗೆ ಆಕ್ಷೇಪ ಎತ್ತಬೇಕಾದರೆ ಆಕ್ಷೇಪಿಸುವವರೂ ಅದೇ ಪಟ್ಟಿಯ ಮತದಾರರಾಗಿರಬೇಕು. ಬೇಡದವರ ಹೆಸರನ್ನು ಕಂಡವರೆಲ್ಲ ಅಳಿಸದಿರಲಿ ಎಂಬ ಈ ತಡೆ ಬೇಕೇ ಬೇಕು. ಆದರೆ ಮಗ ಬೆಂಗಳೂರಿನ ಮತದಾರ, ತೀರಿಕೊಂಡ ತಾಯಿಯ ಹೆಸರು ಊರಿನ ಪಟ್ಟಿಯಲ್ಲಿ ಎಂದಾಗ ದಾರಿ ಮುಚ್ಚಿದಂತೆ. ಆಗ ಪೋರ್ಟಲ್ ಬಿಟ್ಟು ಮರಣ ಪ್ರಮಾಣಪತ್ರದ ಪ್ರತಿಯನ್ನು ಊರಿನ ಬಿಎಲ್‌ಒ ಅಥವಾ ಮತದಾರರ ನೋಂದಣಾಧಿಕಾರಿಗೆ ಕೊಡಿ. ಸತ್ತವರ ಹೆಸರನ್ನು ಸ್ವತಃ ತೆಗೆಯುವ ಅಧಿಕಾರ ಆ ಅಧಿಕಾರಿಗಿದೆ. ಈ ಮಾತನ್ನು ಪೋರ್ಟಲ್ಲಿನ ಫಾರ್ಮ್ 7ರ ಪುಟವೇ ಎರಡು ಸಾಲಿನಲ್ಲಿ ಹೇಳಬಹುದಿತ್ತು.

ಹುಡುಕಾಟ ಮೂರು ಬಗೆ: ವಿವರ, ಎಪಿಕ್, ಮೊಬೈಲ್. ಎಪಿಕ್ಕೇ ವಾಸಿ, ಹೆಸರಿನ ಕಾಗುಣಿತದ ತಲೆನೋವಿಲ್ಲ. ಬೀದಿಯ ಇಡೀ ಪಟ್ಟಿ ನೋಡಬೇಕೆಂದರೆ ಪಿಡಿಎಫ್ ಸಿಗುತ್ತದೆ, ಆದರೆ ಅದು ಬರೀ ಚಿತ್ರ, ಹೆಸರು ಹೊಡೆದು ಹುಡುಕಲಾಗದು. ಪುಟ ಪುಟ ಕಣ್ಣಾಡಿಸಬೇಕು.

ಕಾರ್ಡು ಕೈಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಕಾರ್ಡು ಕಳೆದಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಿ ವೋಟು ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹೊಳೆಯುವ ಹೊಸ ಕಾರ್ಡೂ ಕೆಲಸಕ್ಕೆ ಬಾರದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದರೆ ಆ ಚುನಾವಣೆಯ ಮಟ್ಟಿಗೆ ಪಟ್ಟಿ ಮುಗಿದಂತೆ. ಅರ್ಜಿಯ ಮೇಲೆ ಯಾರಾದರೂ ಆಕ್ಷೇಪ ಎತ್ತಲು ಏಳು ದಿನ, ಬಿಎಲ್‌ಒ ಓಡಾಟಕ್ಕೆ ಒಂದಿಷ್ಟು ದಿನ ಬೇಕಾಗುವುದರಿಂದ ಚುನಾವಣೆ ಘೋಷಣೆಯಾದ ಮೇಲೆ ಲಾಗಿನ್ ಆಗುವವರು ಬಹುಪಾಲು ತಡವಾಗಿಯೇ ಬಂದವರು.